ಬೈಬಲ್ಲಿನ ಕಥೆಯಲ್ಲಿ ಈಜಿಪ್ಟಿನ ಗುಲಾಮಗಿರಿಯಿಂದ ಹೊರಟ ಇಸ್ರಾಯೇಲ್ಯರು 40 ವರ್ಷ ಮರುಭೂಮಿಯಲ್ಲಿ ಅಲೆದದ್ದು ಏಕೆ?

ದಾರಿ ಅಷ್ಟು ದೂರವಿತ್ತು ಅಂತಲ್ಲ. ಹೋರೇಬ್ ಬೆಟ್ಟದಿಂದ ದೇವರು ಅವರಿಗೆ ಕೊಡುವೆನೆಂದ ಕಾನಾನ್ ನಾಡಿನ ಅಂಚಿನ ಕಾದೇಶ್ ಬರ್ನೇಯಕ್ಕೆ 11 ದಿನದ ಪ್ರಯಾಣ ಎಂದು ಬೈಬಲ್ಲೇ ಹೇಳುತ್ತದೆ. ತಡವಾದದ್ದು ಭಯದಿಂದ.

ಕಾನಾನ್ ನಾಡನ್ನು ನೋಡಿಬರಲು ಅವರ ನಾಯಕ ಮೋಶೆ 12 ಮಂದಿಯನ್ನು ಕಳಿಸಿದ. 40 ದಿನ ಸುತ್ತಿದ ಅವರು ಒಂದೇ ದ್ರಾಕ್ಷಿಗೊಂಚಲನ್ನು ಕೋಲಿಗೆ ಕಟ್ಟಿ ಇಬ್ಬರು ಹೊತ್ತು ತಂದರು. ನಾಡು ಸಮೃದ್ಧ ಎಂಬುದನ್ನು ಎಲ್ಲರೂ ಒಪ್ಪಿದರು. ಆದರೆ 10 ಮಂದಿ, ಅಲ್ಲಿನವರ ಮುಂದೆ ನಾವು ಮಿಡತೆಗಳಂತಿದ್ದೆವು ಎಂದುಬಿಟ್ಟರು. ಧೈರ್ಯ ಹೇಳಿದ್ದು ಯೆಹೋಶುವ, ಕಾಲೇಬ್ ಇಬ್ಬರೇ. ಜನ ರಾತ್ರಿಯಿಡೀ ಅತ್ತು, ಈಜಿಪ್ಟಿಗೇ ವಾಪಸ್ ಹೋಗೋಣ ಎಂದರು. ನಾಡು ಸುತ್ತಿದ ದಿನಕ್ಕೊಂದು ವರ್ಷದಂತೆ ದೇವರು 40 ವರ್ಷ ಅಲೆಯುವ ಶಿಕ್ಷೆ ಕೊಟ್ಟ. 20 ದಾಟಿದವರಲ್ಲಿ ಆ ಇಬ್ಬರೇ ಕಾನಾನ್ ಸೇರಿದರು. ಮೋಶೆ ನೆಬೋ ಬೆಟ್ಟದಿಂದ ಆ ನಾಡನ್ನು ನೋಡಿ ಅಲ್ಲೇ ತೀರಿಕೊಂಡ.

ನನ್ನನ್ನು ಕಾಡುವುದು ಇದಕ್ಕೂ ಮೊದಲಿನ ಒಂದು ಪ್ರಸಂಗ. ಮರುಭೂಮಿಯಲ್ಲಿ ದೇವರು ಕೊಟ್ಟ ಮನ್ನ ಎಂಬ ಆಹಾರವನ್ನೇ ದಿನವೂ ತಿಂದು ಬೇಸತ್ತವರು ಈಜಿಪ್ಟಿನ ಮೀನು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ನೆನೆದು ಅಳುತ್ತಾರೆ. ಇಟ್ಟಿಗೆ ಕೆಲಸಕ್ಕೆ ದುಡಿಸಿ, ಗಂಡುಕೂಸುಗಳನ್ನು ನೈಲ್ ನದಿಗೆ ಎಸೆಸಿದ ನಾಡು ಅದು! ನಾಲಿಗೆಯ ರುಚಿ ನೆನಪಿತ್ತು, ಬೆನ್ನಿನ ಬಾಸುಂಡೆ ಮರೆತುಹೋಗಿತ್ತು.

ಇದು ಧರ್ಮಗ್ರಂಥ ಕೊಡುವ ಉತ್ತರ. ಸಿನಾಯಿಯಲ್ಲಿ ಅಷ್ಟು ದೊಡ್ಡ ಜನಸಮೂಹ ಅಲೆದ ಕುರುಹು ಪುರಾತತ್ವಜ್ಞರಿಗೆ ಸಿಕ್ಕಿಲ್ಲ. ಈಜಿಪ್ಟಿನ ದಾಖಲೆಗಳಲ್ಲಿ ಇಸ್ರಾಯೇಲ್ ಎಂದು ಬಹುತೇಕ ವಿದ್ವಾಂಸರು ಓದುವ ಹೆಸರು ಕಾಣುವುದು ಕ್ರಿ.ಪೂ. 1208ರ ಸುಮಾರಿನ ಈಜಿಪ್ಟಿನ ರಾಜ ಮೆರ್ನೆಪ್ತಾನ ಶಾಸನದಲ್ಲಿ. ಅಷ್ಟರಲ್ಲಿ ಆ ಜನ ಕಾನಾನಿನಲ್ಲಿದ್ದರು.