ಹಾಡೋರಿಗೊಂದು, ಬೀಟ್ ಕಟ್ಟೋರಿಗೊಂದು

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ಬಿಡುವಿದ್ದಾಗ ಭಾವಗೀತೆಗಳಿಗೆ ರಾಗ ಹಾಕಿ ಹಾಡುತ್ತೇನೆ. ಹಾರ್ಮೋನಿಯಂ ನಾನೇ ನುಡಿಸುತ್ತೇನೆ, ತಬಲಾಕ್ಕೆ ಪಕ್ಕದ ಬೀದಿಯ ಹುಡುಗ ಬರುತ್ತಾನೆ. 8 ಜಿಬಿ ರ‍್ಯಾಮ್ ಇರುವ ವಿಂಡೋಸ್ ಲ್ಯಾಪ್‌ಟಾಪ್ ಇದೆ. ಒಂದು ಕಂಡೆನ್ಸರ್ ಮೈಕು, ಅದನ್ನು ಕಂಪ್ಯೂಟರಿಗೆ ಜೋಡಿಸುವ ಎರಡು ಇನ್‌ಪುಟ್‌ನ ಆಡಿಯೋ ಇಂಟರ್‌ಫೇಸ್ ಕೊಂಡೆ. ಅದರ ಜೊತೆ ಏಬಲ್ಟನ್ ಲೈವ್ ಲೈಟ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಉಚಿತವಾಗಿ ಬಂತು. ತಮ್ಮ ಎಫ್‌ಎಲ್ ಸ್ಟುಡಿಯೋ ತಗೋ ಅನ್ನುತ್ತಾನೆ. ನಮ್ಮ ಭಾವ ‘ಮ್ಯಾಕ್ ಕೊಂಡು ಲಾಜಿಕ್ ಹಾಕಿಸು, ಅದರ ಸೌಂಡೇ ಬೇರೆ’ ಅನ್ನುತ್ತಾರೆ. ಈಗಿರುವುದರಲ್ಲಿ ಹಾಡುವಾಗ ಹೆಡ್‌ಫೋನಿನಲ್ಲಿ ನನ್ನ ದನಿ ಚೂರು ತಡವಾಗಿ ಕೇಳಿಸುತ್ತದೆ. ಸಾಫ್ಟ್‌ವೇರ್ ಬದಲಿಸಿದರೆ ಸರಿಹೋಗುತ್ತದಾ?
– ಓದುಗರು, ಶಿವಮೊಗ್ಗ

ಉತ್ತರ: ಮೇಡಂ, ತಡವಾಗಿ ಕೇಳಿಸುವುದನ್ನೇ ಮೊದಲು ನೋಡೋಣ. ಅದು ಸರಿಹೋದರೆ ನಿಮ್ಮ ಅರ್ಧ ಬೇಸರ ಹೋಗುತ್ತದೆ. ಅದಕ್ಕೆ ದುಡ್ಡೂ ಬೇಡ.

ನಿಮ್ಮ ದನಿ ಕಂಪ್ಯೂಟರಿಗೆ ಒಂದೇ ಧಾರೆಯಾಗಿ ಹೋಗುವುದಿಲ್ಲ. ಬಿಂದಿಗೆ ಬಿಂದಿಗೆಯಾಗಿ ತುಂಬಿ ಹೋಗುತ್ತದೆ. ಆ ಬಿಂದಿಗೆಗೆ ಬಫರ್ ಅಂತ ಹೆಸರು. ಸೆಕೆಂಡಿಗೆ 48,000 ಸ್ಯಾಂಪಲ್ (ದನಿಯ ಒಂದೊಂದು ಅಳತೆ) ಲೆಕ್ಕದಲ್ಲಿ ರೆಕಾರ್ಡ್ ಮಾಡುತ್ತಿದ್ದೀರಿ, ಬಫರ್ 1024 ಸ್ಯಾಂಪಲ್ ಇದೆ ಅಂದುಕೊಳ್ಳಿ. ಒಂದು ಬಿಂದಿಗೆ ತುಂಬಲು 21 ಮಿಲಿಸೆಕೆಂಡ್ ಬೇಕು. ಒಳಗೆ ಹೋಗಲು ಒಮ್ಮೆ, ಹೊರಗೆ ಬರಲು ಒಮ್ಮೆ, ಒಟ್ಟು 40 ದಾಟುತ್ತದೆ. ಹಾಡೋರ ಕಿವಿಗೆ ಅದು ಖಂಡಿತ ಗೊತ್ತಾಗುತ್ತದೆ. ಬಫರ್ 128ಕ್ಕೆ ಇಳಿಸಿದರೆ ಒಂದು ಸಲಕ್ಕೆ 3 ಮಿಲಿಸೆಕೆಂಡೂ ಆಗುವುದಿಲ್ಲ. ಸಾಫ್ಟ್‌ವೇರಿನ ಆಡಿಯೋ ಸೆಟ್ಟಿಂಗ್‌ನಲ್ಲಿ ವಿಂಡೋಸ್‌ನ ಮಾಮೂಲಿ ಡ್ರೈವರ್ ಬಿಟ್ಟು, ಇಂಟರ್‌ಫೇಸ್ ಕಂಪನಿಯದೇ ಆದ ಎಎಸ್‌ಐಒ ಡ್ರೈವರ್ ಆರಿಸಿ. ಅಲ್ಲೇ ಬಫರ್ ಇಳಿಸುವ ಜಾಗವೂ ಸಿಗುತ್ತದೆ. ಇಳಿಸಿದಾಗ ಚಟಪಟ ಸದ್ದು ಬಂದರೆ 256ಕ್ಕೆ ಏರಿಸಿ. ಇದಕ್ಕಿಂತ ಸುಲಭದ ದಾರಿಯೂ ಇದೆ. ನಿಮ್ಮ ಇಂಟರ್‌ಫೇಸ್ ಮೇಲೆ ‘ಡೈರೆಕ್ಟ್ ಮಾನಿಟರ್’ ಅನ್ನುವ ಗುಂಡಿ ಇರಬಹುದು, ನೋಡಿ. ಅದನ್ನು ಒತ್ತಿದರೆ ದನಿ ಕಂಪ್ಯೂಟರ್ ಸುತ್ತಿಕೊಂಡು ಬರದೆ ನೇರ ಹೆಡ್‌ಫೋನಿಗೆ ಬರುತ್ತದೆ. ಆಗ ಸಾಫ್ಟ್‌ವೇರ್‌ನಲ್ಲಿ ಮಾನಿಟರಿಂಗ್ ಆಫ್ ಮಾಡಿ, ಇಲ್ಲದಿದ್ದರೆ ಒಂದು ದನಿ ಎರಡಾಗಿ ಕೇಳುತ್ತದೆ.

ಇನ್ನು ಭಾವನವರ ‘ಸೌಂಡೇ ಬೇರೆ’ ಮಾತು. ಇದೊಂದು ಹಳೇ ನಂಬಿಕೆ. ನಾನೇ ಪರೀಕ್ಷೆ ಮಾಡಿ ನೋಡಿದ್ದೇನೆ. ಒಂದೇ ಡಬ್ಲ್ಯೂಎವಿ (WAV, ಎಂಪಿ3ಯಂತೆ ಕುಗ್ಗಿಸದ ಆಡಿಯೋ) ಫೈಲನ್ನು ಎರಡು ಸಾಫ್ಟ್‌ವೇರ್‌ಗಳಲ್ಲಿ ಹಾಕಿ, ಏನೂ ಮುಟ್ಟದೆ, ಅಷ್ಟೇ ವಾಲ್ಯೂಮ್‌ನಲ್ಲಿ ಹೊರತೆಗೆಯಿರಿ. ಒಂದರ ಫೇಸ್, ಅಂದರೆ ಅಲೆಯ ಏರಿಳಿತ, ಉಲ್ಟಾ ಮಾಡಿ ಎರಡನ್ನೂ ಒಟ್ಟಿಗೆ ಬಿಡಿ. ಎರಡೂ ಒಂದನ್ನೊಂದು ನುಂಗಿಕೊಂಡು ನಿಶ್ಶಬ್ದ ಉಳಿಯುತ್ತದೆ. ಏನಾದರೂ ಸದ್ದು ಉಳಿದರೆ, ಎಡ-ಬಲಕ್ಕೆ ಹಂಚುವ ಪ್ಯಾನ್ ಲೆಕ್ಕದಲ್ಲಿ ವ್ಯತ್ಯಾಸ ಇರಬಹುದು. ಲಾಜಿಕ್ ಜೊತೆ ಬರುವ ವಾದ್ಯಗಳು, ಎಫೆಕ್ಟ್‌ಗಳು ಚೆನ್ನಾಗಿವೆ, ಅದು ನಿಜ. ಭಾವನವರು ಕೇಳಿರುವುದು ಅದನ್ನೇ ಇರಬೇಕು. ಆದರೆ ನಿಮ್ಮ ಹಾಡಿನಲ್ಲಿರುವುದು ನಿಮ್ಮ ಕಂಠ, ನಿಮ್ಮ ಹಾರ್ಮೋನಿಯಂ, ಆ ಹುಡುಗನ ತಬಲಾ. ಅದಕ್ಕೆ ಲಾಜಿಕ್ ಏನು ಸೇರಿಸುತ್ತದೆ? 2002ರಲ್ಲಿ ಆಪಲ್ ಆ ಸಾಫ್ಟ್‌ವೇರ್ ಮಾಡುತ್ತಿದ್ದ ಎಮ್ಯಾಜಿಕ್ ಕಂಪನಿಯನ್ನು ಕೊಂಡು, ವಿಂಡೋಸ್ ಆವೃತ್ತಿಯನ್ನೇ ನಿಲ್ಲಿಸಿತು. ಹಾಗಾಗಿ ಲಾಜಿಕ್ ಬೇಕಂದರೆ ಮ್ಯಾಕ್ ಕೊಳ್ಳಲೇಬೇಕು. ಆ ದುಡ್ಡಿನ ಒಂದು ಪಾಲಿನಲ್ಲಿ ಒಳ್ಳೇ ಹೆಡ್‌ಫೋನ್, ಮೈಕ್ ಸ್ಟ್ಯಾಂಡ್, ಗೋಡೆಗೆ ದಪ್ಪ ಪರದೆ ಬರುತ್ತದೆ. ಹಾಡಿಗೆ ಅದೇ ಜಾಸ್ತಿ ಉಪಕಾರಿ.

ತಮ್ಮನ ಸಲಹೆಯೂ ನಿಮಗೆ ಹೊಂದುವುದಿಲ್ಲ. ಎಫ್‌ಎಲ್ ಸ್ಟುಡಿಯೋ ಬೀಟ್ ಕಟ್ಟೋರ ಸಾಮಾನು. ಅದರ ಅತಿ ಅಗ್ಗದ ಫ್ರೂಟಿ ಎಡಿಷನ್‌ನಲ್ಲಿ ಮೈಕಿನಿಂದ ರೆಕಾರ್ಡ್ ಮಾಡಲು ಬರುವುದೇ ಇಲ್ಲ. ಅದಕ್ಕೆ ಪ್ರೊಡ್ಯೂಸರ್ ಎಡಿಷನ್ ಕೊಳ್ಳಬೇಕು. ಇದು ಗೊತ್ತಿಲ್ಲದೆ ಕೊಂಡು ಪೇಚಾಡುವವರು ಇದ್ದಾರೆ. ಲೈವ್ ಲೈಟ್ ಪರವಾಗಿಲ್ಲ, ಆದರೆ ಟ್ರ್ಯಾಕ್‌ಗಳ ಸಂಖ್ಯೆಗೆ ಮಿತಿ ಇದೆ.

ನನ್ನ ಆಯ್ಕೆ ರೀಪರ್. ಇಳಿಸಿಕೊಳ್ಳುವ ಫೈಲು ತೀರಾ ಚಿಕ್ಕದು, 8 ಜಿಬಿ ಲ್ಯಾಪ್‌ಟಾಪ್ ಆರಾಮಾಗಿ ಹೊರುತ್ತದೆ. ಹಿಂದೆ ಹಾಡು ಕೇಳಲು ನಾವೆಲ್ಲ ಬಳಸುತ್ತಿದ್ದ ವಿನ್ಆಂಪ್ ನೆನಪಿದೆಯಾ? ಅದನ್ನು ಬರೆದ ಜಸ್ಟಿನ್ ಫ್ರಾಂಕೆಲ್ ಅವರೇ ಇದರ ಹಿಂದಿದ್ದಾರೆ. 60 ದಿನ ಎಲ್ಲ ಸೌಲಭ್ಯಗಳೊಂದಿಗೆ ಬಳಸಿ ನೋಡಬಹುದು. ಆಮೇಲೆ ವೈಯಕ್ತಿಕ ಬಳಕೆಗೆ 60 ಡಾಲರ್, ಅಂದರೆ 5,000 ರೂಪಾಯಿಗೆ ಸ್ವಲ್ಪ ಮೇಲೆ. 60 ದಿನ ಮುಗಿದರೂ ಅದು ಬಾಗಿಲು ಹಾಕುವುದಿಲ್ಲ, ತೆರೆದಾಗಲೆಲ್ಲ ನೆನಪಿಸುತ್ತದೆ ಅಷ್ಟೇ. ಟೀಚರ್ ಆದ ನಿಮಗೆ ಪ್ರಾಮಾಣಿಕತೆಯ ಪಾಠ ನಾನು ಹೇಳಬೇಕಾಗಿಲ್ಲ ಅಲ್ವಾ?

ಕೊರತೆಯನ್ನೂ ಹೇಳುತ್ತೇನೆ. ನೋಡಲು ಸರ್ಕಾರಿ ಆಫೀಸಿನ ಫಾರಂ ಥರ ಇದೆ. ಮೆನು ಒಳಗೆ ಮೆನು. ತಂಬೂರಿ, ಪಿಟೀಲು ಅಂತ ಸಿದ್ಧ ವಾದ್ಯಗಳು ಅದರಲ್ಲಿ ಇಲ್ಲ. ನಿಮಗೆ ಅವು ಬೇಕಾಗಿಯೂ ಇಲ್ಲ.

ಶುರು ಮಾಡುವಾಗ ಒಂದು ಮಾತು. ಹಾಡುವ ಮೊದಲೇ ಪ್ರಾಜೆಕ್ಟ್ ಸೇವ್ ಮಾಡಿ, ಆ ಪ್ರಾಜೆಕ್ಟ್‌ಗೆ ಪ್ರತ್ಯೇಕ ಫೋಲ್ಡರ್ ಮಾಡುವ ಚೌಕಕ್ಕೆ ಟಿಕ್ ಹಾಕಿ. ಇಲ್ಲದಿದ್ದರೆ ಎಲ್ಲ ಹಾಡಿನ ತುಣುಕುಗಳೂ ಒಂದೇ ಫೋಲ್ಡರಿನಲ್ಲಿ ಕಲಸುಮೇಲೋಗರ ಆಗುತ್ತವೆ. ಕಂಟ್ರೋಲ್ ಮತ್ತು ಟಿ ಒತ್ತಿದರೆ ಹೊಸ ಟ್ರ್ಯಾಕ್. ಅದರ ಕೆಂಪು ದುಂಡು ಗುಂಡಿ ಒತ್ತಿ, ಇನ್‌ಪುಟ್ 1 ಆರಿಸಿ. ಕಂಡೆನ್ಸರ್ ಮೈಕಿಗೆ ಇಂಟರ್‌ಫೇಸಿನ 48 ವೋಲ್ಟ್ ಗುಂಡಿ ಒತ್ತಿರಬೇಕು. ತಾರಕದಲ್ಲಿ ಹಾಡಿ ನೋಡಿ, ಮೀಟರು ಮೈನಸ್ 10 ಹತ್ತಿರ ನಿಂತರೆ ಸಾಕು. ಆಮೇಲೆ ಕಂಟ್ರೋಲ್ ಮತ್ತು ಆರ್.

ತಾಳದ ವಿಷಯ ಬೇರೆಯೇ ಹೇಳಬೇಕು. ಬಹುತೇಕ ಎಲ್ಲ ಸಾಫ್ಟ್‌ವೇರ್‌ಗಳೂ ನಾಲ್ಕರ ಲೆಕ್ಕದಲ್ಲೇ ತೆರೆದುಕೊಳ್ಳುತ್ತವೆ. ಹಾಡು ದಾದ್ರಾದಲ್ಲಿದ್ದರೆ 6/8, ರೂಪಕ್‌ನಲ್ಲಿದ್ದರೆ 7/8 ಅಂತ ಮೊದಲೇ ಬದಲಿಸಿ. ಇಲ್ಲದಿದ್ದರೆ ಸಾಫ್ಟ್‌ವೇರ್ ಲಯಕ್ಕೆ ಕೊಡುವ ಕ್ಲಿಕ್ಕಿನ ಜೋರು ಪೆಟ್ಟು ಎಲ್ಲೋ, ನಿಮ್ಮ ಸಮ್ (ತಾಳದ ಮೊದಲ ಪೆಟ್ಟು) ಎಲ್ಲೋ. ತಬಲಾ ಹುಡುಗನಿಗೆ ಕ್ಲಿಕ್ ಕೇಳಿ ನುಡಿಸುವ ಅಭ್ಯಾಸ ಇಲ್ಲದಿದ್ದರೆ ಸುಮ್ನೆ ಒತ್ತಾಯ ಮಾಡಬೇಡಿ. ನೀವು ಹಾಡಿದ ಪೈಲಟ್ ಟ್ರ್ಯಾಕ್ ಅವನ ಕಿವಿಗೆ ಕೊಟ್ಟು ತಬಲಾ ತುಂಬಿಸಿಕೊಳ್ಳಿ. ಆಮೇಲೆ ಆ ತಬಲಾ ಮೇಲೆ ನಿಮ್ಮ ನಿಜವಾದ ಹಾಡು. ಶ್ರುತಿಯನ್ನು ಹೆಡ್‌ಫೋನಿನಲ್ಲೇ ಕೇಳಿ, ಮೈಕಿಗೆ ಬೀಳದಿರಲಿ. ಮತ್ತೆ, ಸ್ವರ ತಿದ್ದುವ ಎಫೆಕ್ಟ್‌ಗಳನ್ನು ಪೂರ್ತಿ ತಿರುಗಿಸಬೇಡಿ. ಅವು ಮೀಂಡನ್ನೂ (ಸ್ವರದಿಂದ ಸ್ವರಕ್ಕೆ ಜಾರುವುದನ್ನೂ) ಅಪಸ್ವರ ಅಂತಲೇ ತಿಳಿದು ಮೆಟ್ಟಿಲು ಕತ್ತರಿಸಿ ಇಡುತ್ತವೆ.

ಪ್ರಶ್ನೆ: ಸರ್, ರ‍್ಯಾಪ್ ಹಾಡು ಮಾಡ್ತೀನಿ. ಬೀಟ್ ನಾನೇ ಕಟ್ಟಬೇಕು. ಎಫ್‌ಎಲ್ ಸ್ಟುಡಿಯೋನೋ ಏಬಲ್ಟನ್ನೋ? ಗೆಳೆಯ ಕ್ರ್ಯಾಕ್ ಮಾಡಿದ್ದು ಕೊಡ್ತೀನಿ ಅಂದಿದ್ದಾನೆ.
– ಓದುಗರು, ಹುಬ್ಬಳ್ಳಿ

ಉತ್ತರ: ನಿಮಗೆ ಎಫ್‌ಎಲ್ ಸರಿ. ಬೆಲ್ಜಿಯಂನ ಇಮೇಜ್-ಲೈನ್ ಕಂಪನಿ 1997ರಲ್ಲಿ ಫ್ರೂಟಿಲೂಪ್ಸ್ ಹೆಸರಲ್ಲಿ ಶುರು ಮಾಡಿದ್ದೇ ಡ್ರಮ್ ಬೀಟ್ ಜೋಡಿಸುವುದಕ್ಕೆ. ಹದಿನಾರು ಚೌಕದ ಸಾಲು, ಎಲ್ಲಿ ಒತ್ತಿದಿರೋ ಅಲ್ಲಿ ಪೆಟ್ಟು. ಹತ್ತು ನಿಮಿಷದಲ್ಲಿ ಬೀಟ್ ಓಡುತ್ತದೆ. ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳೆಲ್ಲ ಉಚಿತ. ರ‍್ಯಾಪ್‌ಗೆ ದನಿ ಬೇಕಲ್ಲ, ಹಾಗಾಗಿ ಮೇಲೆ ಹೇಳಿದ ಪ್ರೊಡ್ಯೂಸರ್ ಎಡಿಷನ್ನೇ ನೋಡಿ. ಟ್ರಯಲ್‌ನಲ್ಲಿ ಒಂದು ಚಮತ್ಕಾರ ಇದೆ, ಸೇವ್ ಆಗುತ್ತದೆ, ಆದರೆ ಲೈಸೆನ್ಸ್ ಕೊಳ್ಳುವವರೆಗೆ ಆ ಫೈಲ್ ಮತ್ತೆ ತೆರೆಯುವುದಿಲ್ಲ. ಹಾಗಾಗಿ ಆ ದಿನದ ಬೀಟನ್ನು ಆ ದಿನವೇ ಡಬ್ಲ್ಯೂಎವಿ ಮಾಡಿ ಇಟ್ಟುಕೊಳ್ಳಿ.

ಏಬಲ್ಟನ್ ಹೆಚ್ಚು ಒದಗುವುದು ವೇದಿಕೆಯಲ್ಲಿ ಲೂಪ್‌ಗಳನ್ನು ಅಲ್ಲಲ್ಲೇ ಬದಲಿಸುತ್ತ ನುಡಿಸುವವರಿಗೆ. ಕ್ರ್ಯಾಕ್ ಬೇಡ. ಅದರ ಜೊತೆ ಏನೇನು ಲ್ಯಾಪ್‌ಟಾಪಿನೊಳಗೆ ಬರುತ್ತದೋ ನಿಮಗೆ ಗೊತ್ತಾಗುವುದಿಲ್ಲ, ಬ್ಯಾಂಕಿನ ಆ್ಯಪ್ಪೂ ಅದೇ ಯಂತ್ರದಲ್ಲಿ ತೆರೆಯುತ್ತೀರಿ. ದುಡ್ಡು ಕೂಡುವವರೆಗೆ ಬ್ಯಾಂಡ್‌ಲ್ಯಾಬ್ ಉಚಿತವಾಗಿದೆ, ಫೋನಿನಲ್ಲೂ ಓಡುತ್ತದೆ. ನವೆಂಬರ್ ಕೊನೆಯಲ್ಲಿ ಇಂಥ ಸಾಫ್ಟ್‌ವೇರ್‌ಗಳಿಗೆ ರಿಯಾಯಿತಿ ಬರುವುದು ರೂಢಿ, ಕಾದು ನೋಡಿ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೇನೆ. ಬೆಂಗಳೂರಿನ ಗೆಳೆಯರ ಆಲ್ಬಮ್ಮಿಗೆ ಮನೆಯಿಂದಲೇ ಹಾಡಿ ಕಳಿಸಬೇಕು. ರೆಕಾರ್ಡಿಂಗ್ ಸಾಫ್ಟ್‌ವೇರ್ ಅವರದು ಕ್ಯೂಬೇಸ್, ನನ್ನದು ಗ್ಯಾರೇಜ್‌ಬ್ಯಾಂಡ್. ನಾನೂ ಕ್ಯೂಬೇಸ್ ಕೊಳ್ಳಬೇಕಾ?
– ಓದುಗರು

ಉತ್ತರ: ಬೇಡ. ಒಂದರ ಪ್ರಾಜೆಕ್ಟ್ ಫೈಲನ್ನು ಇನ್ನೊಂದು ತೆರೆಯುವುದಿಲ್ಲ. ಆದರೆ ಡಬ್ಲ್ಯೂಎವಿಗೆ ಜಾತಿ ಇಲ್ಲ, ಎಲ್ಲರೂ ತೆರೆಯುತ್ತಾರೆ. ಒಮ್ಮೆ ನಾನೇ ಆತುರದಲ್ಲಿ ಒಂದು ಸ್ಟುಡಿಯೋಗೆ ಪ್ರಾಜೆಕ್ಟ್ ಫೈಲ್ ಮಾತ್ರ ಕಳಿಸಿ, ರಾತ್ರಿ ಹನ್ನೊಂದಕ್ಕೆ ‘ಇದರೊಳಗೆ ಹಾಡೇ ಇಲ್ಲವಲ್ಲ ಸಾರ್’ ಅಂತ ಫೋನ್ ಬಂದಿತ್ತು. ನಿಮ್ಮ ಗೆಳೆಯರಿಂದ ಟೆಂಪೋ (ಹಾಡಿನ ವೇಗ) ಮತ್ತು ಸಂಗೀತದ ಫೈಲ್ ತರಿಸಿಕೊಳ್ಳಿ. ಅದನ್ನು ಸೊನ್ನೆಯಿಂದಲೇ ಜೋಡಿಸಿ ಹಾಡಿ. ಹೊರತೆಗೆಯುವಾಗ ನಿಮ್ಮ ದನಿ ಎರಡನೇ ನಿಮಿಷಕ್ಕೆ ಶುರುವಾದರೂ ಫೈಲ್ ಸೊನ್ನೆಯಿಂದಲೇ ಶುರುವಾಗಲಿ, ಆಗ ಅವರು ಎಳೆದು ಹಾಕಿದ ತಕ್ಷಣ ಜಾಗಕ್ಕೆ ಕೂರುತ್ತದೆ. 24 ಬಿಟ್ ಇರಲಿ, ಎಂಪಿ3 ಬೇಡ. ಗ್ಯಾರೇಜ್‌ಬ್ಯಾಂಡ್ ತಾನಾಗಿ ಹಚ್ಚುವ ರಿವರ್ಬ್ (ದೊಡ್ಡ ಕೋಣೆಯ ಗುಂಯ್ ಅನ್ನುವ ಮೊಳಗು) ತೆಗೆದು ಒಣ ದನಿ ಕಳಿಸಿ. ರಿವರ್ಬ್ ಇಷ್ಟವಾಗಿದ್ದರೆ ಹಾಗೊಂದು ಪ್ರತಿ ಬೇರೆ ಹೆಸರಲ್ಲಿ ಜೊತೆಗಿಡಿ.