ವೆನ್ಸ್‌ಡೇಯಲ್ಲಿ ಕೂತಿರುವ ದೇವರು ಯಾರು?

ಪ್ರಶ್ನೆ: ಇಂಗ್ಲಿಷ್ ವಾರಗಳ ಹೆಸರಲ್ಲಿ ಹಳೆಯ ದೇವರುಗಳಿದ್ದಾರೆ ಎಂದು ಮಗಳ ಪುಸ್ತಕದಲ್ಲಿ ಓದಿದೆ. ಕ್ರೈಸ್ತರಾದ ಮೇಲೂ ಆ ಹೆಸರುಗಳು ಹೇಗೆ ಉಳಿದವು?

ಉತ್ತರ: ನಿಮ್ಮ ಪ್ರಶ್ನೆಗೆ ನಮ್ಮ ಗೋಡೆಯ ಕ್ಯಾಲೆಂಡರಿನಲ್ಲೇ ಅರ್ಧ ಉತ್ತರವಿದೆ. ಬುಧವಾರ ಅಂದರೆ ಬುಧ ಗ್ರಹದ ದಿನ, ಅಲ್ವಾ? ರೋಮನ್ನರಿಗೂ ಅದು ಬುಧನ ದಿನವೇ. ಅವರು ಆ ಗ್ರಹವನ್ನು ಮರ್ಕ್ಯುರಿ ದೇವರ ಹೆಸರಿನಿಂದ ಕರೆಯುತ್ತಿದ್ದರು. ಗ್ರಹಗಳ ಹೆಸರಿನ ವಾರ ಅವರಿಂದ ಉತ್ತರದ ಜರ್ಮನಿಕ್ ಜನರಿಗೂ ಹೋಯಿತು. ಆ ಜನ ಹೆಸರುಗಳನ್ನು ಸುಮ್ನೆ ಎತ್ತಿಕೊಳ್ಳಲಿಲ್ಲ, ಅಲ್ಲಿ ತಮ್ಮ ದೇವರುಗಳನ್ನು ಕೂರಿಸಿದರು. ಮರ್ಕ್ಯುರಿಯ ಜಾಗಕ್ಕೆ ವೋಡನ್ ಬಂದ, ಅದೇ ವೆನ್ಸ್‌ಡೇ. ಗುರುವಾರಕ್ಕೆ ಗುಡುಗಿನ ದೇವರು ಥೂನೊರ್, ಮಂಗಳವಾರಕ್ಕೆ ಟಿವ್, ಶುಕ್ರವಾರಕ್ಕೆ ಫ್ರಿಗ್ ದೇವಿ. ಶನಿವಾರಕ್ಕೆ ಮಾತ್ರ ರೋಮನ್ನರ ಸ್ಯಾಟರ್ನ್ ಹಾಗೇ ಉಳಿದ.

5ನೇ ಶತಮಾನದಲ್ಲಿ ಆಂಗಲ್, ಸ್ಯಾಕ್ಸನ್, ಜೂಟ್ ಎಂಬ ಜರ್ಮನಿಕ್ ಜನ ಕಡಲು ದಾಟಿ ಬ್ರಿಟನ್ನಿಗೆ ಬಂದಾಗ ಈ ದೇವರುಗಳೂ ಜೊತೆಗೆ ಬಂದರು. 597ರಲ್ಲಿ ಪೋಪ್ ಗ್ರೆಗರಿ ಕಳಿಸಿದ ಅಗಸ್ಟೀನ್ ಕ್ರೈಸ್ತ ಧರ್ಮ ಸಾರಲು ಅಲ್ಲಿನ ಕೆಂಟ್ ರಾಜ್ಯಕ್ಕೆ ಬಂದಿಳಿದ. ಅಲ್ಲಿನ ರಾಜ ಏಥೆಲ್ಬರ್ಟನ ಹೆಂಡತಿ ಬರ್ತಾ ಆಗಲೇ ಕ್ರೈಸ್ತಳಾಗಿದ್ದಳು. ಆದರೂ ಬದಲಾವಣೆ ಒಂದೇ ದಿನದಲ್ಲಿ ಆಗಲಿಲ್ಲ. 601ರಲ್ಲಿ ಗ್ರೆಗರಿ ಬರೆದ ಪತ್ರ ನನಗೆ ಬಹಳ ಇಷ್ಟ. ಗುಡಿಗಳನ್ನು ಕೆಡವಬೇಡಿ, ವಿಗ್ರಹಗಳನ್ನು ಮಾತ್ರ ತೆಗೆಯಿರಿ, ಪವಿತ್ರ ಜಲ ಚಿಮುಕಿಸಿ ಅಲ್ಲೇ ಪ್ರಾರ್ಥನೆ ಮಾಡಿ ಎಂದ. ದೇವರಿಗೆ ಎತ್ತು ಬಲಿ ಕೊಡುತ್ತಿದ್ದವರು ಇನ್ನು ಮುಂದೆ ಚರ್ಚಿನ ಹಬ್ಬಕ್ಕೆ ಎತ್ತು ಕಡಿದು ಊಟ ಮಾಡಲಿ ಎಂದೂ ಬರೆದ. ಜನರ ಮನಸ್ಸು ಬಲ್ಲವನ ಮಾತು ಇದು. ಈಸ್ಟ್ ಆಂಗ್ಲಿಯಾದ ರಾಜ ರೆಡ್ವಾಲ್ಡ್ ಅಂತೂ ಒಂದೇ ಗುಡಿಯಲ್ಲಿ ಎರಡು ಪೀಠ ಇಟ್ಟಿದ್ದ: ಒಂದು ಕ್ರಿಸ್ತನಿಗೆ, ಇನ್ನೊಂದು ಹಳೆಯ ದೇವರುಗಳಿಗೆ. ಇದನ್ನು ಬರೆದಿಟ್ಟವನು ಬೀಡ್ ಎಂಬ ಕ್ರೈಸ್ತ ಸನ್ಯಾಸಿ. ಈಸ್ಟರ್ ಎಂಬ ಹೆಸರು ಇಯೋಸ್ಟ್ರೆ ದೇವಿಯಿಂದ ಬಂತು ಎಂದು 725ರಲ್ಲಿ ಬರೆದವನೂ ಅವನೇ.

ಇನ್ನು ವಾರದ ಹೆಸರುಗಳು. ಪೋರ್ಚುಗಲ್‌ನಲ್ಲಿ ಗ್ರಹಗಳ ಹೆಸರು ಕೈಬಿಟ್ಟು ಸೋಮವಾರಕ್ಕೆ ಎರಡನೆಯದು, ಮಂಗಳವಾರಕ್ಕೆ ಮೂರನೆಯದು ಎಂದು ಎಣಿಸುವ ರೂಢಿ ಬಂತು. ಇಂಗ್ಲೆಂಡಿನಲ್ಲಿ ಹಾಗಾಗಲಿಲ್ಲ. ಅಲ್ಲಿನ ಕ್ರೈಸ್ತ ರಾಜರೇ ತಾವು ವೋಡನ್ ವಂಶದವರು ಎಂದು ವಂಶಾವಳಿ ಬರೆಸುತ್ತಿದ್ದರು. ಬರ್ಮಿಂಗ್‌ಹ್ಯಾಮ್ ಹತ್ತಿರದ ವೆನ್ಸ್‌ಬರಿ ಎಂಬ ಊರಿನ ಹೆಸರಿಗೆ ಇವತ್ತಿಗೂ 'ವೋಡನ್‌ನ ಕೋಟೆ' ಎಂದೇ ಅರ್ಥ.