ಹಣ ತುಂಬಿದ ಮಾತ್ರಕ್ಕೆ ಪ್ರಕರಣ ಮುಗಿಯುವುದಿಲ್ಲ

ಪ್ರಶ್ನೆ: ನಮ್ಮ ಗ್ರಾಮ ಪಂಚಾಯತಿಯ ಬಿಲ್ ಕಲೆಕ್ಟರ್ ಮನೆ ತೆರಿಗೆ ವಸೂಲಿ ಮಾಡಿ ಬ್ಯಾಂಕಿಗೆ ಕಟ್ಟಿರಲಿಲ್ಲ. ಆಡಿಟ್‌ನಲ್ಲಿ ಸಿಕ್ಕಿಬಿದ್ದ ಮೇಲೆ ಪೂರ್ತಿ ತುಂಬಿದ್ದಾನೆ. ‘ಮಕ್ಕಳೊಂದಿಗನು, ಬಿಟ್ಟುಬಿಡಿ’ ಎನ್ನುತ್ತಾರೆ ಕೆಲವು ಸದಸ್ಯರು. ಬಿಡಬಹುದೇ? (ಕಾಪು)

ಬಿಡುವ ಅಧಿಕಾರ ಆ ಸದಸ್ಯರಿಗೆ ಇಲ್ಲ. ಬೈಂದೂರಿನಿಂದ ಸುಳ್ಯದವರೆಗೆ ಇದೇ ಪ್ರಶ್ನೆ ಬರುತ್ತಲೇ ಇದೆ, ಪ್ರತಿ ಸಲವೂ ಅದೇ ಕರುಣೆಯ ಮಾತಿನೊಂದಿಗೆ. ಪರರ ಹಣವನ್ನು ಸ್ವಲ್ಪ ಕಾಲಕ್ಕೆ ಬಳಸಿಕೊಂಡರೂ ಅದು ದುರುಪಯೋಗವೇ ಎಂದು ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮಿನ ವಿವರಣೆ ಸ್ಪಷ್ಟವಾಗಿ ಹೇಳುತ್ತದೆ. ಸಾರ್ವಜನಿಕ ನೌಕರ ತನ್ನ ವಶಕ್ಕೆ ಬಂದ ಹಣದಲ್ಲಿ ನಂಬಿಕೆದ್ರೋಹ ಮಾಡಿದರೆ 316ನೇ ಕಲಮಿನ ಪ್ರಕಾರ ಜೀವಾವಧಿಯವರೆಗೂ ಶಿಕ್ಷೆ ಆಗಬಹುದು. ಕೃತ್ಯ 2024ರ ಜುಲೈ 1ಕ್ಕಿಂತ ಹಿಂದಿನದಾದರೆ ಹಳೆಯ ದಂಡ ಸಂಹಿತೆಯ 409 ಅನ್ವಯಿಸುತ್ತದೆ. ಹಣ ಮರಳಿಸಿದ್ದನ್ನು ಶಿಕ್ಷೆಯ ಪ್ರಮಾಣ ನಿರ್ಧರಿಸುವಾಗ ನ್ಯಾಯಾಲಯ ಗಮನಿಸಬಹುದು, ಅಷ್ಟೇ.

ನನಗೆ ಹೆಚ್ಚು ಆತಂಕ ತರುವುದು ‘ಪೂರ್ತಿ’ ಎಂಬ ಮಾತು. ಪೂರ್ತಿ ಎಷ್ಟೆಂದು ಹೇಳಿದವರು ಯಾರು? ಲೆಕ್ಕಪರಿಶೋಧಕರು ತಮ್ಮ ಮುಂದಿಟ್ಟ ರಸೀದಿ ಪುಸ್ತಕಗಳನ್ನು ನೋಡುತ್ತಾರೆ. ಮುಂದಿಡದ ಪುಸ್ತಕದ ಹಣ ಆ ಮೊತ್ತದಲ್ಲಿ ಸೇರಿರುವುದೇ ಇಲ್ಲ. ಆದ್ದರಿಂದ ಮೊದಲು ರಸೀದಿ ಪುಸ್ತಕಗಳ ದಾಸ್ತಾನು ವಹಿಯನ್ನು ತರಿಸಿ. ಎಷ್ಟು ಪುಸ್ತಕ ಬಂದವು, ಯಾರ ಕೈಗೆ ಕೊಟ್ಟರು, ಮರಳಿದವು ಎಷ್ಟು ಎಂದು ಸಂಖ್ಯೆ ಹಿಡಿದು ನೋಡಿ. ಆಮೇಲೆ ರಸೀದಿಯ ತಾರೀಕು, ನಗದು ಪುಸ್ತಕದ ತಾರೀಕು, ಬ್ಯಾಂಕ್ ಚಲನ್‌ನ ತಾರೀಕು, ಮೂರನ್ನೂ ಒಂದೇ ಸಾಲಿನಲ್ಲಿ ಬರೆಯಿರಿ. ಇವತ್ತಿನ ವಸೂಲಿಯಿಂದ ಕಳೆದ ತಿಂಗಳ ತೂತು ಮುಚ್ಚುತ್ತಾ ಬಂದಿದ್ದರೆ ಅಲ್ಲಿ ಕಾಣುತ್ತದೆ. ಕಚೇರಿಯ ಪ್ರತಿಯಲ್ಲಿ ಕಡಿಮೆ ಮೊತ್ತ ಬರೆದಿದ್ದರೆ ಮಾತ್ರ ಅಲ್ಲಿಯೂ ಕಾಣುವುದಿಲ್ಲ. ಅದಕ್ಕೆ ಮನೆಮನೆಯಲ್ಲಿರುವ ರಸೀದಿಯೇ ಸಾಕ್ಷಿ. ಊರವರಿಂದ ಅದರ ನಕಲು ಪಡೆಯಿರಿ.

ಇದಾಗುವ ಮೊದಲು ವಾಟ್ಸಾಪ್‌ನಲ್ಲಿ ಹರಡಬೇಡಿ, ದಯವಿಟ್ಟು. ಸುದ್ದಿ ಹೊರಬಿದ್ದ ರಾತ್ರಿಯೇ ಪುಸ್ತಕ ಕಾಣೆಯಾಗುತ್ತದೆ, ಮಳೆ ನೀರಿಗೆ ನೆನೆದು ಹಾಳಾಯಿತೆಂಬ ಹೇಳಿಕೆ ಬರುತ್ತದೆ. ದಾಖಲೆಗಳನ್ನು ಪಟ್ಟಿ ಮಾಡಿ ಸಹಿ ಹಾಕಿಸಿ ಸುರಕ್ಷಿತವಾಗಿಡುವಂತೆ ಪಿಡಿಒ ಅವರಿಗೂ, ತಾಲ್ಲೂಕು ಪಂಚಾಯತಿಯ ಕಾರ್ಯನಿರ್ವಹಣಾಧಿಕಾರಿಗೂ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ‘ಮುಂದೆ ಕ್ರಮ ಬೇಡ’ ಎಂಬ ಯಾವ ಒಪ್ಪಂದಕ್ಕೂ ಸಹಿ ಹಾಕಬೇಡಿ. ಆ ಕಾಗದ ನಾಳೆ ನಿಮ್ಮನ್ನೇ ವಿಚಾರಣೆಗೆ ಎಳೆಯುತ್ತದೆ.

ಪ್ರಶ್ನೆ: ಹೆಸರು ಹಾಕದೆ ಲೋಕಾಯುಕ್ತಕ್ಕೆ ದೂರು ಬರೆಯಬಹುದೇ? (ಬಂಟ್ವಾಳ)

ಬರೆದು ಫಲವಿಲ್ಲ, ನಿಗದಿತ ನಮೂನೆಯ ಜೊತೆ ಪ್ರಮಾಣಪತ್ರ (ಅಫಿಡವಿಟ್) ಬೇಕು.

ಪ್ರಶ್ನೆ: ನಿವೃತ್ತರಾಗಿ ನಾಲ್ಕು ವರ್ಷ ಕಳೆದರೆ ಯಾರೂ ಮುಟ್ಟುವಂತಿಲ್ಲವಂತೆ? (ಕುಂದಾಪುರ)

ತಪ್ಪು. ಆ ಮಿತಿ ಇರುವುದು ನಿವೃತ್ತಿಯ ನಂತರ ಆರಂಭಿಸುವ ಇಲಾಖಾ ವಿಚಾರಣೆಗೆ, ಅದನ್ನೂ ಎಣಿಸುವುದು ಘಟನೆ ನಡೆದ ದಿನದಿಂದ. ಇಂಥ ಗಂಭೀರ ಕ್ರಿಮಿನಲ್ ಮೊಕದ್ದಮೆಗೆ ಅದು ಅಡ್ಡಿಯಲ್ಲ.

ಪ್ರಶ್ನೆ: ಆಡಿಟ್ ಪ್ಯಾರಾ (ಲೆಕ್ಕಪರಿಶೋಧನೆಯ ಆಕ್ಷೇಪಣೆ) ತೆಗೆಸಿಕೊಡುತ್ತೇನೆಂದು ಮಂಗಳೂರಿನ ಒಬ್ಬರು ಹಣ ಕೇಳುತ್ತಿದ್ದಾರೆ. (ಸುರತ್ಕಲ್)

ಕೊಡಬೇಡಿ. ಆಕ್ಷೇಪಣೆಗೆ ಉತ್ತರವಾಗಿ ದಾಖಲೆಸಹಿತ ಅನುಪಾಲನಾ ವರದಿ ಕಳುಹಿಸಿ, ಅದು ಒಪ್ಪಿಗೆಯಾದರೆ ಮಾತ್ರ ಪ್ಯಾರಾ ತೀರುವಳಿಯಾಗುತ್ತದೆ. ಹೆದರಿದ ನೌಕರರನ್ನು ಸುಲಿಯುವ ಈ ದಲ್ಲಾಳಿಗಳು ಹಣ ತಿಂದವನಿಗಿಂತ ಕಡಿಮೆಯವರಲ್ಲ. ‘ಲೋಕಾಯುಕ್ತದಿಂದ ಮಾತನಾಡುತ್ತಿದ್ದೇನೆ’ ಎಂದು ಫೋನಿನಲ್ಲಿ ಹಣ ಕೇಳುವವರೂ ಇದೇ ಜಾತಿಯ ವಂಚಕರು. ಆನ್‌ಲೈನ್‌ನಲ್ಲಿ ಹಣ ಕಳುಹಿಸಿಯಾಗಿದ್ದರೆ ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.